ಮಲ್ಲಣ್ಣನ ಟಗರಿನ ಉಣ್ಣೆ

ಚಿಂತಲಗೇರಾ, ನಾರಾಯಣಖೇಡ
14 ಜೂನ್ 2024

ಅಣ್ಣನಿಗೆ ಶಕುಂತಲಾಬಾಯಿಯ ಶರಣು.

ಎರಡೂವರೆ ವರ್ಷದ ನಂತರ ಈ ಕಾಗದ. ಫೋನು ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಪ್ರೇಮಲಾ ಅತ್ತಿಗೆ ಎತ್ತಿಕೊಂಡು ‘ಹೇಳ್ತೀನಿ’ ಎಂದು ಇಟ್ಟುಬಿಡುತ್ತಾಳೆ. ಮೊಬೈಲಿನ ಸಣ್ಣ ಅಕ್ಷರ ನೀನು ಓದುವುದಿಲ್ಲ. ಹಾಗಾಗಿ ಅಂಚೆ. ಇಲ್ಲಿಯ ಪೋಸ್ಟ್‌ಮನ್‌ಗೆ ಕನ್ನಡ ಬಾರದು, ಅದಕ್ಕೆ ಹೊರಗೆ ವಿಳಾಸ ತೆಲುಗಿನಲ್ಲಿದೆ.

ವಿಷಯ ಒಂದೇ. ಈ ಮನೆಯನ್ನು ಅಪ್ಪ ನಮ್ಮಿಬ್ಬರ ಹೆಸರಿಗೂ ಬರೆದಿದ್ದಾರೆ. ಮುಂದಿನ ಮೂರು ಕೋಣೆಯಲ್ಲಿರುವ ಬಾಡಿಗೆದಾರರ ವೀಸಾ ಅಕ್ಟೋಬರ್ 5ಕ್ಕೆ ಮುಗಿಯುತ್ತದೆ. ಅದನ್ನು ಮುಂದುವರಿಸಲು ಮನೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಹಿಂದಿನ ಸಲ ನನ್ನೊಬ್ಬಳ ಸಹಿ ನಡೆದಿತ್ತು. ಈ ಸಲ ವೀಸಾ ಕಚೇರಿಯವರು ದಾಖಲೆ ತೆಗೆದು ನೋಡಿ ಇಬ್ಬರದೂ ಬೇಕೆಂದಿದ್ದಾರೆ. ಸೆಪ್ಟೆಂಬರ್ 30ರೊಳಗೆ ನಿನ್ನ ಸಹಿ ಸಿಗದಿದ್ದರೆ ಅರ್ಜಿ ಹೋಗುವುದಿಲ್ಲ, ಅವರು ದೇಶ ಬಿಡಬೇಕಾಗುತ್ತದೆ.

ಅವರು ಯಾರೆಂದು ನೀನು ಒಮ್ಮೆಯೂ ಕೇಳಲಿಲ್ಲ. ಆದರೂ ಹೇಳುತ್ತೇನೆ. ಗಂಡ ಎಯ್ನಾರ್, ಹೆಂಡತಿ ಹಿಲ್ದುರ್. ಐಸ್‌ಲ್ಯಾಂಡ್ ದೇಶದವರು. ಅವರ ಇಡೀ ದೇಶದ ಜನ ನಮ್ಮ ಸಂಗಾರೆಡ್ಡಿ ಜಿಲ್ಲೆಯ ಕಾಲುಭಾಗ ಇದ್ದಾರಷ್ಟೆ. ಹಿಲ್ದುರ್ ಇಲ್ಲಿಯ ಹೆಂಗಸರ ಉಣ್ಣೆ ಸಂಘದಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಕುರಿಗಳ ಕರಿ ಉಣ್ಣೆಯನ್ನು ಈಗ ಯಾರೂ ಕೊಳ್ಳುವುದಿಲ್ಲ, ಕತ್ತರಿಸಿ ಹಳ್ಳಕ್ಕೆ ಎಸೆಯುತ್ತಾರೆ. ಅದನ್ನು ಹಿಂಜಿ, ನೂತು, ಚಾಪೆ ಮಾಡುವುದು ಆಕೆಯ ಕೆಲಸ. ಎಯ್ನಾರ್ ನಮ್ಮ ಮೂರು ಎಕರೆಯಲ್ಲಿ ತೊಗರಿ ಬಿತ್ತುತ್ತಾನೆ. ತನ್ನ ಊರಿನಲ್ಲಿ ಅವನದೂ ಕುರಿ ಸಾಕುವ ಮನೆತನ. ಹೊಲ ತಮ್ಮನ ಪಾಲಿಗೆ ಹೋಯಿತು, ಇವನು ಹೆಂಡತಿಯ ಹಿಂದೆ ಬಂದ.

ಬಂದ ದಿನದಿಂದ ಅವನಿಗೆ ಒಂದಲ್ಲ ಒಂದು ತಾಪತ್ರಯ. ಏಳಕ್ಕೆ ಬರುತ್ತೇವೆಂದ ಆಳುಗಳು ಒಂಬತ್ತೂವರೆಗೆ ಬರುತ್ತಾರೆ, ಇವನು ಆರೂ ಐವತ್ತಕ್ಕೇ ಬದುವಿನ ಮೇಲೆ ನಿಂತಿರುತ್ತಾನೆ. ಹೋದ ವರ್ಷ ಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ಒಂದು ಎಕರೆ ನೆಲಸಮ ಮಾಡಿದವು. ಕಚೇರಿಗೆ ಹದಿನಾಲ್ಕು ಸಲ ಹೋಗಿದ್ದಾರೆ. ಅವರ ದೇಶದಲ್ಲಿ ಹೆಸರಿನ ನಂತರ ಅಪ್ಪನ ಹೆಸರು ಬರುತ್ತದೆ, ಹೆಣ್ಣಿಗೂ ಅಷ್ಟೆ. ಹೀಗಾಗಿ ಗಂಡ ಹೆಂಡತಿಯ ಅಡ್ಡಹೆಸರು ಬೇರೆ ಬೇರೆ. ಮದುವೆಯಾಗಿದೆಯೆಂದು ಸಾಬೀತು ಮಾಡುವುದರಲ್ಲೇ ಮೂರು ತಿಂಗಳು ಕಳೆಯಿತು.

ನಮ್ಮ ಮನೆಯಲ್ಲಿ ಮೀನು, ಮಾಂಸ ತರಬಾರದು ಎಂಬ ಕರಾರು ಹಾಕಿದ್ದೆ. ಮೀನಿನ ದೇಶದವರು, ಒಪ್ಪಿಕೊಂಡರು. ವರ್ಷಕ್ಕೊಮ್ಮೆ ಆಕೆಯ ತಾಯಿ ಒಣಮೀನು ಕಳಿಸುತ್ತಾಳೆ. ಅದನ್ನು ಡಬ್ಬಿಯಲ್ಲಿ ಮುಚ್ಚಿ ಹೊಲಕ್ಕೆ ಒಯ್ದು ಹುಣಸೆಮರದ ಕೆಳಗೆ ತಿಂದು, ಬಾವಿಯಲ್ಲಿ ಕೈಬಾಯಿ ತೊಳೆದು ಮನೆಗೆ ಬರುತ್ತಾರೆ. ಇಂಥವರು ಅವರು.

ನಿನ್ನನ್ನು ಕೇಳದೆ ಮನೆ ಕೊಟ್ಟೆ ಎಂಬುದು ನಿನ್ನ ಸಿಟ್ಟು. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ. ಆ ಸಿಟ್ಟನ್ನು ನನ್ನ ಮೇಲೆ ಇಟ್ಟುಕೋ. ಪತ್ರಕ್ಕೆ ಸಹಿ ಮಾಡು.

ನಿನ್ನ ತಂಗಿ
ಶಕುಂತಲಾಬಾಯಿ

*

ತಾಂಡೂರು
27 ಜೂನ್ 2024

ಶಕುಂತಲಾ,

ನಿನ್ನ ಕಾಗದ 20ರಂದು ಬಂತು. ಎರಡು ಸಲ ಓದಿದೆ.

ಮಗಳು ರಾಜೇಶ್ವರಿಗೆ ನಾಲ್ಕನೇ ತಿಂಗಳು. ಹಿಂದೆ ಎರಡು ಸಲ ಉಳಿಯಲಿಲ್ಲ ಎಂಬುದು ನಿನಗೆ ಗೊತ್ತಿದೆ. ಈ ಸಲ ಯುಗಾದಿಯ ಮರುದಿನ ನಾನು ಚಿಂತಲಗೇರಾಕ್ಕೆ ಬಂದಿದ್ದೆ. ನಮ್ಮ ದೇವರು ಮಲ್ಲಣ್ಣನ ಹೆಸರಿನಲ್ಲಿ ಹರಕೆ ಹೊತ್ತು ಅವಳಿಗಾಗಿ ಒಂದು ಟಗರು ಬಿಟ್ಟೆ. ಕುರುಬರ ಸಾಯಪ್ಪನ ಮಂದೆಯಿಂದ ಕೊಂಡದ್ದು, ಕರಿಯದು, ಹಣೆಯ ಮೇಲೆ ಬಿಳಿ ಚುಕ್ಕಿ. ನಿನ್ನ ಮನೆಗೆ ಬರಲಿಲ್ಲ. ಸಾಯಪ್ಪನಿಗೂ ಹೇಳಬೇಡ ಎಂದಿದ್ದೆ.

ನಮ್ಮಪ್ಪ ಹಾಕಿಕೊಟ್ಟ ಪದ್ಧತಿ ನಿನಗೆ ನೆನಪಿರಬೇಕು. ಕೂಸು ಹುಟ್ಟಿ ಅದರ ಜವಳ ತೆಗೆಯುವ ದಿನ ಟಗರಿನ ಉಣ್ಣೆಯನ್ನೂ ತೆಗೆಯಬೇಕು, ಅಲ್ಲಿಯವರೆಗೆ ಕತ್ತರಿ ತಾಗಬಾರದು. ನೀನು ಹುಟ್ಟಿದಾಗಲೂ ಹಾಗೇ ಮಾಡಿದ್ದರು.

ಸಾಯಪ್ಪ ಮಂದೆ ಹೊಡೆದುಕೊಂಡು ಹೊರಗೆ ಹೋಗಿದ್ದಾನಂತೆ. ಟಗರು ಹೇಗಿದೆ ಎಂದು ನೀನೇ ನೋಡಿ ಬರೆ. ಸಹಿಯ ಮಾತು ಆಮೇಲೆ.

ವೈಜಿನಾಥ

*

ಚಿಂತಲಗೇರಾ
8 ಜುಲೈ 2024

ಅಣ್ಣನಿಗೆ ಶರಣು.

ಟಗರು ಚೆನ್ನಾಗಿದೆ. ನಮ್ಮ ಹೊಲದ ಬದುವಿನಲ್ಲೇ ಮೇಯುತ್ತದೆ.

ಊರಿಗೆ ಬಂದು ಮನೆಗೆ ಬರದೆ ಹೋದೆ ಎಂಬುದನ್ನು ಓದಿದೆ. ಯುಗಾದಿಯ ಮರುದಿನ ನಾನು ಹೋಳಿಗೆ ಮಿಕ್ಕಿದ್ದನ್ನು ಹಿಲ್ದುರಳಿಗೆ ಕೊಟ್ಟೆ. ಇರಲಿ. ರಾಜೇಶ್ವರಿಗೆ ಹುಳಿ ತಿನ್ನಬೇಕೆನಿಸಿದರೆ ಹೇಳು, ಉಪ್ಪಿನ ಹುಣಸೆ ಕಳಿಸುತ್ತೇನೆ.

ಒಪ್ಪಿಗೆ ಪತ್ರ ಇದರೊಳಗಿದೆ. ಪೆನ್ಸಿಲಿನಿಂದ ಗುರುತು ಮಾಡಿದ ಕಡೆ ಸಹಿ, ಜೊತೆಗೆ ಆಧಾರ್‌ನ ನಕಲು.

ಇಲ್ಲಿ ಮಳೆ ಚೆನ್ನಾಗಿದೆ. ಎಯ್ನಾರ್‌ನ ತೊಗರಿ ಗೇಣುದ್ದ ಬಂದಿದೆ. ಸಾಲಿನ ನಡುವೆ ಹುಲ್ಲು ಬಂದರೆ ಅವನು ಅದನ್ನು ಕಿತ್ತು ಎಸೆಯುವುದಿಲ್ಲ, ಒಣಗಿಸಿ ಕಟ್ಟು ಕಟ್ಟಿ ಇಡುತ್ತಾನೆ. ಅವರ ಕಡೆ ಎಂಟು ತಿಂಗಳು ಚಳಿಯಂತೆ, ಬೇಸಿಗೆಯಲ್ಲಿ ಹುಲ್ಲು ಕೂಡಿಡದಿದ್ದರೆ ಕುರಿ ಸಾಯುತ್ತವಂತೆ. ಇಲ್ಲಿ ಮಳೆಗೆ ಆ ಕಟ್ಟುಗಳೆಲ್ಲ ಕೊಳೆಯುತ್ತವೆ. ಪ್ರತಿ ವರ್ಷ ಕೊಳೆಯುತ್ತವೆ, ಪ್ರತಿ ವರ್ಷ ಕಟ್ಟುತ್ತಾನೆ. ನಾನು ಹೇಳಿದರೆ ‘ಗೊತ್ತು ಬಾಯಿ, ಕೈ ಕೇಳೂದಿಲ್ಲ’ ಅನ್ನುತ್ತಾನೆ. ಅವನ ಕನ್ನಡ ಹೊಲದ್ದು, ಹೆಂಡತಿಯದು ಶಾಲೆಯದು. ನಾನು ಗಡಿ ದಾಟಿ ಔರಾದ ತಾಲೂಕಿನಲ್ಲಿ ಪಾಠ ಮಾಡುವಾಗಿನ ನಾಲ್ಕನೇ ಇಯತ್ತೆಯ ಪುಸ್ತಕವನ್ನು ಆಕೆ ಮುಗಿಸಿದ್ದಾಳೆ. ನನಗಿಂತ ದುಂಡಗೆ ಬರೆಯುತ್ತಾಳೆ.

ಸಂಘದ ಚಾಪೆ ಹೈದರಾಬಾದಿಗೆ ಹೋಗಿ ಅರ್ಧ ತಿರುಗಿ ಬಂದವು, ಚುಚ್ಚುತ್ತವಂತೆ. ಆಕೆ ಅವನ್ನು ಮತ್ತೆ ತೊಳೆಯುತ್ತಿದ್ದಾಳೆ. ಅವರಿಬ್ಬರೂ ಸೋತೆವೆಂದು ಬಾಯಿಬಿಟ್ಟು ಹೇಳುವುದಿಲ್ಲ. ಅದೇ ನನಗೆ ನೋಡಲಾಗುವುದಿಲ್ಲ.

ಪತ್ರ ಬೇಗ ಕಳಿಸು.

ಶಕುಂತಲಾ

*

ಚಿಂತಲಗೇರಾ
22 ಜುಲೈ 2024

ಮಾನ್ಯ ವೈಜಿನಾಥ ಅವರಿಗೆ ಹಿಲ್ದುರ್ ಮಾಡುವ ನಮಸ್ಕಾರಗಳು.

ನಾನು ನಿಮ್ಮ ಮನೆಯಲ್ಲಿ ಇರುವವಳು. ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ. ಇದನ್ನು ಶಕುಂತಲಾಬಾಯಿ ತಿದ್ದಿಲ್ಲ. ಅವರಿಗೆ ತೋರಿಸಿಲ್ಲ.

ಜೂನ್ 21, ಶುಕ್ರವಾರ, ನಾವು ನಿಮ್ಮ ಟಗರಿನ ಉಣ್ಣೆ ಕತ್ತರಿಸಿದೆವು.

ಹೇಗೆ ಆಯಿತು ಎಂದು ಹೇಳುತ್ತೇನೆ. ನಮ್ಮ ದೇಶದಲ್ಲಿ ಬೇಸಿಗೆಯಲ್ಲಿ ಕುರಿಗಳನ್ನು ಗುಡ್ಡಕ್ಕೆ ಬಿಡುತ್ತಾರೆ, ಕಾಯುವವರು ಇರುವುದಿಲ್ಲ. ಚಳಿಗಾಲದ ಮೊದಲು ಎಲ್ಲರೂ ಸೇರಿ ಇಳಿಸಿ, ಕಿವಿಯ ಗುರುತು ನೋಡಿ ಹಂಚಿಕೊಳ್ಳುತ್ತಾರೆ. ಗುರುತು ಇಲ್ಲದ ಕುರಿ ಯಾರ ಹೊಲಕ್ಕೆ ಬರುತ್ತದೋ ಅವರು ಅದನ್ನು ನೋಡಿಕೊಳ್ಳಬೇಕು, ಊರಿಗೆ ತಿಳಿಸಬೇಕು, ಉಣ್ಣೆ ತೆಗೆದರೆ ಇಟ್ಟಿರಬೇಕು, ಮಾಲೀಕ ಬಂದಾಗ ಕೊಡಬೇಕು. ಈ ಟಗರು ಮೇ ತಿಂಗಳಿಂದ ನಮ್ಮ ಹೊಲದಲ್ಲಿತ್ತು. ಕಿವಿಗೆ ಗುರುತು ಇಲ್ಲ. ಎಯ್ನಾರ್ ಅದರ ಫೋಟೊ ತೆಗೆದು ಪಂಚಾಯತಿ ಗೋಡೆಗೆ ಹಚ್ಚಿದ. ಹದಿನಾಲ್ಕು ದಿನ ಯಾರೂ ಬರಲಿಲ್ಲ. ಆ ಮೇಲೆ ಮಳೆ ಬಂತು. ಉಣ್ಣೆ ತೊಯ್ದು ಹಿಂಭಾಗದಲ್ಲಿ ಹುಳ ಬಿದ್ದವು. ಕತ್ತರಿಸಿ, ಔಷಧ ಹಚ್ಚಿದೆವು. ಶಕುಂತಲಾಬಾಯಿ ಆ ದಿನ ಕಣ್ಣು ತೋರಿಸಲು ಬೀದರಿಗೆ ಹೋಗಿದ್ದರು. ಅದು ದೇವರದು ಎಂದು ನಮಗೆ ಗೊತ್ತಿರಲಿಲ್ಲ.

ಜುಲೈ 3ಕ್ಕೆ ನಿಮ್ಮ ಪತ್ರ ಬಂದಾಗ ಅವರಿಗೆ ಗೊತ್ತಾಯಿತು. ‘ನಾ ಬರೀತೀನಿ, ನೀವು ಸುಮ್ಮನಿರ್ರಿ’ ಎಂದರು. ಮೊನ್ನೆ ಸಾಯಪ್ಪ ಮಂದೆಯೊಂದಿಗೆ ಬಂದ. ಟಗರು ನೋಡಿ ಹೊಲದಲ್ಲೇ ಕೂಗಿದ: ‘ದೇವರಿಗಿ ಬಿಟ್ಟದ್ದಕ್ಕ ಕತ್ತರಿ ಹಚ್ಚೀರಿ? ಯಾರಿಗಿ ಕೇಳಿ ಹಚ್ಚೀರಿ?’ ನಾನು ಒಳಗೆ ಹೋಗಿ, ಅಣ್ಣ ಏನು ಉತ್ತರ ಕೊಟ್ಟರು ಎಂದು ಶಕುಂತಲಾಬಾಯಿಯನ್ನು ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ. ಆಗ ನೀವು ಇನ್ನೂ ತಿಳಿದಿಲ್ಲ ಎಂದು ಗೊತ್ತಾಯಿತು.

ಉಣ್ಣೆ ಈ ಪಾರ್ಸೆಲಿನಲ್ಲಿದೆ. ಆರುನೂರ ನಲವತ್ತು ಗ್ರಾಂ. ತೊಳೆದಿದ್ದೇನೆ, ಬೇರೆ ಏನೂ ಮಾಡಿಲ್ಲ. ಅದು ನಿಮ್ಮದು. ಕಿವಿಗೆ ನಮ್ಮ ಗುರುತು ಹಾಕಿಲ್ಲ. ಟಗರು ಈಗ ಆರೋಗ್ಯವಾಗಿದೆ.

ಸಹಿ ಮಾಡುವುದು ಬಿಡುವುದು ನಿಮ್ಮ ಇಚ್ಛೆ. ಸಹಿಗಾಗಿ ಇದನ್ನು ಬರೆದಿಲ್ಲ.

ಇಂತಿ
ಹಿಲ್ದುರ್

*

ತಾಂಡೂರು
3 ಆಗಸ್ಟ್ 2024

ಶಕುಂತಲಾ,

ಪಾರ್ಸೆಲ್ ಬಂದಾಗ ನಾನು ಮನೆಯಲ್ಲಿರಲಿಲ್ಲ. ಪ್ರೇಮಲಾ ಬಿಚ್ಚಿದಳು. ಕಾಗದ ಓದಿ ಉಣ್ಣೆಯನ್ನು ಅಂಗಳದಲ್ಲಿ ಬಿಸಾಡಿದಳು. ನಾನು ಬಂದು ಎತ್ತಿ ಅಟ್ಟದ ಮೇಲಿಟ್ಟೆ.

ರಾಜೇಶ್ವರಿಯ ಕೂಸು ಉಳಿಯಲಿಲ್ಲ.

ಟಗರು ಚೆನ್ನಾಗಿದೆ ಎಂದು ನೀನು ಬರೆದಿದ್ದೆ. ಗೊತ್ತಿಲ್ಲದ ದೇಶದವಳು ನಿಜ ಬರೆದಳು. ಒಡಹುಟ್ಟಿದವಳು ಬರೆಯಲಿಲ್ಲ. ಒಪ್ಪಿಗೆ ಪತ್ರವನ್ನು ಸಹಿ ಇಲ್ಲದೆ ಇದರೊಳಗೆ ಇಟ್ಟಿದ್ದೇನೆ.

ವೈಜಿನಾಥ

*

ಚಿಂತಲಗೇರಾ
19 ಆಗಸ್ಟ್ 2024

ಅಣ್ಣನಿಗೆ,

ನಿನ್ನ ಕಾಗದ ಬರುವ ಮೊದಲೇ ಅತ್ತಿಗೆ ಸಾಯಪ್ಪನಿಗೆ ಫೋನು ಮಾಡಿ ಹೇಳಿದ್ದಳು. ಅವನು ಮಲ್ಲಣ್ಣನ ಕಟ್ಟೆಯ ಮೇಲೆ ಹೇಳಿದ. ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಉಣ್ಣೆ ಕತ್ತರಿಸಿದರು, ತಾಂಡೂರಿನಲ್ಲಿ ಕೂಸು ಹೋಯಿತು. ಈಗ ಊರಿನಲ್ಲಿ ಇದೊಂದೇ ಮಾತು.

ನಾನು ಸುಳ್ಳು ಬರೆದೆ. ಅದಕ್ಕೆ ಕಾರಣ ಹೇಳಿ ಪ್ರಯೋಜನವಿಲ್ಲ. ನಿನ್ನ ಸಹಿ ಬೇಕಿತ್ತು.

ಸಂಘಕ್ಕೆ ಹನ್ನೊಂದು ಹೆಂಗಸರು ಬರುತ್ತಿದ್ದರು. ಈಗ ಯಾರೂ ಇಲ್ಲ. ಮೂರು ವರ್ಷ ಹಿಲ್ದುರಳ ಪಕ್ಕದಲ್ಲಿ ಕೂತು ಉಣ್ಣೆ ಹಿಂಜಿದ ಚಂದ್ರಾಬಾಯಿಯ ಮನೆಗೆ ನಾನೇ ಹೋಗಿದ್ದೆ. ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು, ‘ಬಾಯಿ, ನಮ್ ಮನ್ಯಾಗ ಸೊಸಿ ಬಸರದಾಳ. ಆಕಿ ಮ್ಯಾಲ ನಂಗೇನ್ ಸಿಟ್ಟಿಲ್ಲ. ಆದ್ರ ಆ ಕೈ ಮುಟ್ಟಿದ್ದು ನಾ ಮುಟ್ಟಲ್ರಿ’ ಎಂದಳು. ತೊಗರಿಗೆ ಕಳೆ ತೆಗೆಯಲು ಆಳು ಸಿಗುತ್ತಿಲ್ಲ. ಎಯ್ನಾರ್ ಒಬ್ಬನೇ ಬೆಳಗಿನಿಂದ ಸಂಜೆಯವರೆಗೆ ಮೊಳಕಾಲೂರಿ ತೆಗೆಯುತ್ತಾನೆ. ಮೂರು ಎಕರೆಯಲ್ಲಿ ಮುಕ್ಕಾಲು ಎಕರೆ ಆಗಿದೆ, ಆದ ಕಡೆ ಮತ್ತೆ ಹುಲ್ಲು ಹುಟ್ಟಿದೆ. ‘ಕಾಗದ ಹಚ್ಚಿದ್ದೆ ಬಾಯಿ, ಹದಿನಾಲ್ಕು ದಿನ ಹಚ್ಚಿದ್ದೆ’ ಎಂದು ಮಾತ್ರ ಆಗಾಗ ಹೇಳುತ್ತಾನೆ. ಪಂಚಾಯತಿ ಗೋಡೆಯ ಕಾಗದ ಈ ಊರಿನಲ್ಲಿ ಯಾರೂ ಓದುವುದಿಲ್ಲ ಎಂದು ಮೂರು ವರ್ಷದಲ್ಲಿ ನಾನೊಬ್ಬಳಾದರೂ ಹೇಳಿರಬೇಕಿತ್ತು.

ಟಗರು ಅವನ ಹಿಂದೆಯೇ ತಿರುಗುತ್ತದೆ. ಅಟ್ಟಿದರೂ ಹೋಗುವುದಿಲ್ಲ. ಜನ ಅದನ್ನೂ ನೋಡುತ್ತಾರೆ.

ಹಿಲ್ದುರ್ ಒಂದೇ ಒಂದು ಕೇಳುತ್ತಾಳೆ. ಯಾವ ತಾರೀಖು? ನನಗೆ ಗೊತ್ತಿಲ್ಲ ಎಂದೆ. ಮರುದಿನ ಮತ್ತೆ ಕೇಳಿದಳು. ನಮ್ಮಿಂದ ಆಯಿತೆಂದು ತಾನು ನಂಬುವುದಿಲ್ಲ, ಆದರೂ ತಾರೀಖು ತಿಳಿಯಬೇಕು ಎಂದಳು. ಯಾಕೆ ಅಷ್ಟು ಕೇಳುತ್ತಾಳೆಂದು ನಾನು ಕೇಳಲಿಲ್ಲ. ಅವರಿಗೂ ಮಕ್ಕಳಿಲ್ಲ.

ಸಹಿ ಕೇಳುತ್ತಿಲ್ಲ. ತಾರೀಖು ಬರೆ.

ಶಕುಂತಲಾ

*

ಚಿಂತಲಗೇರಾ
4 ಸೆಪ್ಟೆಂಬರ್ 2024

ಅಣ್ಣನಿಗೆ,

ಉತ್ತರ ಬರಲಿಲ್ಲ. ಅವರು ಪುಸ್ತಕಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದಾರೆ. ಚರಕ, ಹಣಿಗೆಗಳನ್ನು ಸಂಘಕ್ಕೇ ಬಿಡುತ್ತಾರಂತೆ. ಸಂಘ ಎಲ್ಲಿದೆ?

ತೊಗರಿ ಸಂಕ್ರಾಂತಿಯ ಹೊತ್ತಿಗೆ ಬರುತ್ತದೆ, ಕೊಯ್ದು ನೀವೇ ಇಟ್ಟುಕೊಳ್ಳಿ ಎಂದು ಎಯ್ನಾರ್ ಹೇಳಿದ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಅವನನ್ನೇ ಬೈದೆ.

ಶ.

*

ತಾಂಡೂರು
11 ಸೆಪ್ಟೆಂಬರ್ 2024

ಅತ್ತೆಗೆ ರಾಜೇಶ್ವರಿಯ ಶರಣು.

ನೀವು ಅಪ್ಪನಿಗೆ ಬರೆದ ಕಾಗದಗಳನ್ನು ಓದಿದೆ. ಅವರು ಕನ್ನಡಕದ ಡಬ್ಬಿಯ ಕೆಳಗೆ ಮಡಿಸಿ ಇಟ್ಟಿದ್ದರು. ನೀವು ಕೇಳಿದ ತಾರೀಖನ್ನು ನಾನು ಹೇಳುತ್ತೇನೆ. ಜೂನ್ 12, ಬುಧವಾರ, ಮಧ್ಯಾಹ್ನ. 14ಕ್ಕೆ ಆಸ್ಪತ್ರೆಯಿಂದ ಮನೆಗೆ ಬಂದೆ. ಆಸ್ಪತ್ರೆಯ ಚೀಟಿಯ ನಕಲು ಇದರೊಳಗಿದೆ.

ಉಣ್ಣೆ ಕತ್ತರಿಸಿದ್ದು 21ಕ್ಕೆ. ಅಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು.

ಅಪ್ಪನಿಗೆ ಗೊತ್ತು. ಮೂವತ್ತೊಂದು ವರ್ಷ ಕಲ್ಲು ಪಾಲಿಶ್ ಮಾಡಿದವರು, ಪ್ರತಿ ಬಂಡೆಯ ಮೇಲೆ ತಾರೀಖು ಬರೆದವರು, ಅವರು ತಾರೀಖು ಮರೆಯುವುದಿಲ್ಲ. 27ರಂದು ನಾಲ್ಕನೇ ತಿಂಗಳು ಎಂದು ನಿಮಗೆ ಯಾಕೆ ಬರೆದರೋ ನನಗೆ ತಿಳಿಯದು. ಆ ದಿನ ನಾನು ಪಕ್ಕದ ಕೋಣೆಯಲ್ಲಿ ಮಲಗಿದ್ದೆ.

ಅಮ್ಮನಿಗೂ ಗೊತ್ತು. ಜೂನ್, ಜುಲೈ ಎಲ್ಲ ಅಮ್ಮ ನನ್ನನ್ನೇ ಅಂದಳು. ನಾನು ಯಾಲಾಲಿನ ಶಾಲೆಗೆ ಕೆಲಸಕ್ಕೆಂದು ಸ್ಕೂಟರ್ ಗಾಡಿಯಲ್ಲಿ ಹೋಗಿಬರುತ್ತಿದ್ದೆ. ‘ಗಾಡಿ ಬಿಡು ಅಂದ್ರ ಬಿಡ್ಲಿಲ್ಲ, ಹೊಟ್ಟ್ಯಾಗಿಂದು ಅಲುಗಾಡಿ ಹೋಯ್ತು’ ಎಂದು ಬಂದವರ ಮುಂದೆಲ್ಲ ಹೇಳಿದಳು. ಅಷ್ಟರಲ್ಲಿ ಆ ಪಾರ್ಸೆಲ್ ಬಂತು. ಅಂದಿನಿಂದ ಅಮ್ಮ ನನ್ನನ್ನು ಬಿಟ್ಟು ಆ ಪರದೇಸಿಗಳನ್ನು ಹಿಡಿದಳು. ನನಗೆ ಬಿಸಿನೀರು ಕಾಸಿ ಕೊಡತೊಡಗಿದಳು, ತಲೆಗೆ ಎಣ್ಣೆ ಹಚ್ಚಿದಳು.

ಅತ್ತೆ, ನಾನೂ ಸುಮ್ಮನಿದ್ದೆ. ತಾರೀಖು ಕೂಡುವುದಿಲ್ಲ ಎಂದು ಮೊದಲ ದಿನವೇ ಗೊತ್ತಿತ್ತು. ಬೈಗುಳ ತಪ್ಪಿತಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಆಮೇಲೆ ನಿಮ್ಮ ಕಾಗದದಲ್ಲಿ, ಆಕೆ ದಿನವೂ ತಾರೀಖು ಕೇಳುತ್ತಾಳೆ ಎಂಬುದನ್ನು ಓದಿದೆ.

ಹರಕೆ ಹೊರುವಾಗ ನನ್ನನ್ನು ಯಾರೂ ಕೇಳಲಿಲ್ಲ. ಟಗರು ಬಿಟ್ಟದ್ದನ್ನೂ ಬಿಟ್ಟ ಮೇಲೆ ಹೇಳಿದರು. ಉಣ್ಣೆ ಬಂದದ್ದನ್ನು ಅದು ಅಂಗಳದಲ್ಲಿ ಬಿದ್ದಾಗ ನೋಡಿದೆ. ಎಲ್ಲವೂ ನನ್ನ ಹೆಸರಿನಲ್ಲಿ ನಡೆಯಿತು.

ಈ ಚೀಟಿಯನ್ನು ಯಾರಿಗೆ ಬೇಕಾದರೂ ತೋರಿಸಿ.

ರಾಜೇಶ್ವರಿ

*

ಚಿಂತಲಗೇರಾ
16 ಸೆಪ್ಟೆಂಬರ್ 2024

ಅಣ್ಣನಿಗೆ,

ನನಗೆ ತಾರೀಖು ತಿಳಿಯಿತು. ಯಾರಿಂದ ಎಂದು ಕೇಳಬೇಡ, ನಿನಗೆ ಗೊತ್ತಾಗುತ್ತದೆ.

ಹಿಲ್ದುರಳಿಗೆ ಹೇಳಿದೆ. ಆಕೆ ಬೆರಳು ಮಡಿಸಿ ಎಣಿಸಿದಳು, ತಲೆ ಆಡಿಸಿದಳು, ಒಳಗೆ ಹೋದಳು. ಬಹಳ ಹೊತ್ತು ನೀರಿನ ಸಪ್ಪಳ ಕೇಳುತ್ತಿತ್ತು.

ನಾನು ಕಟ್ಟೆಗೂ ಹೋಗಿ ಹೇಳಿದೆ. ಸಾಯಪ್ಪ ನಕ್ಕ. ‘ಬಾಯಿ, ಟಗರು ಚಂದದ ಅಂತ ಅಣ್ಣಗ ಬರದಾಕಿ ನೀನೇ ಅಲ್ಲ? ಈಗ ಇದೊಂದು ತಾರೀಖ್ ತಂದಿ’ ಎಂದ. ಕೂತವರೂ ನಕ್ಕರು. ಚೀಟಿ ತೋರಿಸಲು ಚೀಲಕ್ಕೆ ಕೈ ಹಾಕಿದೆ, ಹೊರಗೆ ತೆಗೆಯಲಿಲ್ಲ. ನಮ್ಮ ಹುಡುಗಿಯ ಆಸ್ಪತ್ರೆಯ ಕಾಗದವನ್ನು ಆ ಕಟ್ಟೆಯ ಮೇಲೆ ಕೈಯಿಂದ ಕೈಗೆ ದಾಟಿಸಲು ನನ್ನಿಂದ ಆಗಲಿಲ್ಲ.

ಈ ಊರಿನಲ್ಲಿ ನನ್ನ ಮಾತು ನಡೆಯುವುದಿಲ್ಲ. ಅದು ನಾನೇ ಮಾಡಿಕೊಂಡದ್ದು. ನಿನ್ನ ಮಾತು ನಡೆಯುತ್ತದೆ. ಟಗರು ಬಿಟ್ಟವನು ನೀನು, ತಂದೆ ನೀನು. ಬಂದು ತಾರೀಖು ಹೇಳು. ನೀನು ಬರೆದು ಕಳಿಸಿದರೆ ಅದನ್ನು ನಾನು ಓದಿ ಹೇಳುವುದಿಲ್ಲ.

30ಕ್ಕೆ ಹದಿನಾಲ್ಕು ದಿನ ಉಳಿದಿವೆ.

ಶಕುಂತಲಾ

*

ತಾಂಡೂರು
22 ಸೆಪ್ಟೆಂಬರ್ 2024

ಶಕುಂತಲಾ,

ಜೂನ್ 27ರಂದು ನಾಲ್ಕನೇ ತಿಂಗಳು ಎಂದು ಬರೆದದ್ದು ಸುಳ್ಳು. ಬರೆಯುತ್ತಾ ಕೂತಷ್ಟು ಹೊತ್ತು ಅದು ನಿಜ ಅನಿಸಿತು. ಟಗರು ಹೇಗಿದೆ ಎಂದು ಕೇಳಿದ್ದೂ ಅದಕ್ಕೇ.

ಆ ಬುಧವಾರ ಆಸ್ಪತ್ರೆಯಲ್ಲಿ ಎಲ್ಲರೂ ಏನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ಪ್ರೇಮಲಾಳ ಮುಖ ನೋಡಿ ತಿಳಿದುಕೊಂಡೆ. ಆಮೇಲೆ ಅವಳು ಯಾರನ್ನು ಬೈದರೂ ನಾನು ತಡೆಯಲಿಲ್ಲ. ಬೈಯುವುದೂ ನನಗೆ ಕೇಳಿಸುವುದಿಲ್ಲವಲ್ಲ.

ಗುರುವಾರ, 26ಕ್ಕೆ ಬರುತ್ತೇನೆ. ಬೆಳಗಿನ ಬಸ್ಸಿಗೆ ಜಹೀರಾಬಾದ್, ಅಲ್ಲಿಂದ ನಾರಾಯಣಖೇಡ. ಮಧ್ಯಾಹ್ನ ಎರಡಕ್ಕೆ ಮುಟ್ಟುತ್ತೇನೆ. ಕಟ್ಟೆಯ ಮೇಲೆ ಜನ ಇರುವಂತೆ ನೋಡಿಕೋ. ಅವರು ಹೇಳುವುದು ನನಗೆ ಕೇಳಿಸುವುದಿಲ್ಲ. ನಾನು ಹೇಳಲು ಬರುತ್ತೇನೆ, ಕೇಳಲು ಅಲ್ಲ.

ಸಹಿಯನ್ನು ಅಲ್ಲೇ ಮಾಡುತ್ತೇನೆ.

ವೈಜಿನಾಥ

*

ಚಿಂತಲಗೇರಾ
30 ಸೆಪ್ಟೆಂಬರ್ 2024

ರಾಜೇಶ್ವರಿಗೆ ಅತ್ತೆಯ ಆಶೀರ್ವಾದ.

ಅಪ್ಪ ಮನೆಗೆ ಬಂದು ಏನು ಹೇಳಿದನೋ ಗೊತ್ತಿಲ್ಲ, ಅದಕ್ಕೆ ನಡೆದದ್ದನ್ನು ಬರೆಯುತ್ತೇನೆ.

ಬಸ್ಸಿನಿಂದ ಇಳಿದವನು ಮನೆಗೆ ಬರಲಿಲ್ಲ, ನೇರ ಕಟ್ಟೆಗೆ ಹೋದ. ಸುಮಾರು ಮೂವತ್ತು ಜನ ಇದ್ದರು. ಎಯ್ನಾರ್, ಹಿಲ್ದುರ್ ಬೇವಿನ ಮರದ ಹತ್ತಿರ ನಿಂತಿದ್ದರು. ನಿನ್ನಪ್ಪ ಚಪ್ಪಲಿ ಬಿಟ್ಟು ನಿಂತು, ಕಿವುಡರು ಮಾತಾಡುವಂತೆ ಗಟ್ಟಿಯಾಗಿ ಹೇಳಿದ: ‘ನನ್ನ ಮಗಳ ಕೂಸು ಹೋದದ್ದು ಜೂನ್ ಹನ್ನೆರಡಕ್ಕ. ಇವ್ರು ಉಣ್ಣಿ ತೆಗದದ್ದು ಇಪ್ಪತ್ತೊಂದಕ್ಕ. ಅಷ್ಟೊತ್ತಿಗಿ ಎಲ್ಲಾ ಮುಗದಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡಾಂವ ನಾ.’

ಸಾಯಪ್ಪ ಬಿಡಲಿಲ್ಲ. ‘ಆತ್ರಿ, ತಾರೀಖ್ ಖರೆ. ಆದ್ರ ದೇವರ ಟಗರು ದೇವರದಲ್ಲೇನ್ರಿ?’ ಎಂದ. ನಿನ್ನಪ್ಪನಿಗೆ ಕೇಳಿಸಲಿಲ್ಲ, ‘ಹನ್ನೆರಡಕ್ಕ’ ಎಂದು ಮತ್ತೆ ಹೇಳಿದ. ಜನ ನಕ್ಕರು. ಸಾಯಪ್ಪ ಹತ್ತಿರ ಬಂದು ಕಿವಿಯಲ್ಲಿ ಕೂಗಿದ. ಆಗ ನಿನ್ನಪ್ಪ, ‘ಟಗರು ಬಿಟ್ಟಾಂವ ನಾ. ಮಲ್ಲಣ್ಣಗ ಜವಾಬು ನಾ ಕೊಡ್ತೀನಿ, ನಿನಗ್ಯಾಕ ಫಿಕರ್?’ ಎಂದ. ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಸಹಿ ಮಾಡಿದ. ಹಿಲ್ದುರ್ ಕೊಟ್ಟ ಚಹಾ ಕುಡಿದ. ಎಯ್ನಾರ್‌ನ ಹುಲ್ಲಿನ ಕಟ್ಟು ನೋಡಿ, ಇದನ್ನು ಸಂಕ್ರಾಂತಿಯ ಮೇಲೆ ಕಟ್ಟಬೇಕು ಎಂದು ಕೈಸನ್ನೆಯಲ್ಲಿ ಹೇಳಿದ. ಅವನೂ ಕೈಸನ್ನೆಯಲ್ಲೇ ‘ಗೊತ್ತು’ ಎಂದ. ನನ್ನೊಂದಿಗೆ ಹೆಚ್ಚು ಮಾತಿಲ್ಲ. ಹೋಗುವಾಗ ಉಪ್ಪಿನ ಹುಣಸೆಯ ಭರಣಿಯನ್ನು ತಾನೇ ಕೇಳಿ ತೆಗೆದುಕೊಂಡ.

ಅರ್ಜಿಯನ್ನು 27ಕ್ಕೆ ಕೊಟ್ಟೆವು. ತೆಗೆದುಕೊಂಡಿದ್ದಾರೆ. ಅದು ತೀರ್ಮಾನವಾಗುವವರೆಗೆ ಅವರು ಇಲ್ಲೇ ಇರಬಹುದು. ಇನ್ನೊಂದು ಕಾಗದ ಬೇಕಂತೆ, ಪಂಚಾಯತಿಯಿಂದ. ಅದು ಹದಿನೈದನೆಯ ಓಡಾಟ, ಇನ್ನೂ ಮುಗಿದಿಲ್ಲ. ಸಂಘಕ್ಕೆ ನಾಲ್ವರು ತಿರುಗಿ ಬಂದಿದ್ದಾರೆ. ಚಂದ್ರಾಬಾಯಿ ಬಂದಿಲ್ಲ, ಸೊಸೆಯ ಹೆರಿಗೆಯಾಗಲಿ ಎಂದಿದ್ದಾಳೆ. ಆಕೆಯನ್ನು ತಪ್ಪು ಅನ್ನಲು ನನಗೆ ಬಾಯಿಲ್ಲ.

ನಿನ್ನಪ್ಪ ಆ ಉಣ್ಣೆಯ ಗಂಟನ್ನು ತಂದು ಇಲ್ಲಿಯೇ ಬಿಟ್ಟು ಹೋಗಿದ್ದಾನೆ. ಹಿಲ್ದುರ್ ಅದನ್ನು ಮುಟ್ಟುತ್ತಿಲ್ಲ. ಇದು ಈಗ ಯಾರದು ಎಂದು ಕೇಳುತ್ತಾಳೆ. ನಾನು ಯೋಚಿಸಿದೆ. ಟಗರು ಬಿಟ್ಟವನು ನಿನ್ನಪ್ಪ, ಕತ್ತರಿಸಿದವರು ಇವರು, ಬಿಸಾಡಿದವಳು ನಿನ್ನಮ್ಮ. ಹರಕೆ ಮಾತ್ರ ನಿನ್ನ ಹೆಸರಿನಲ್ಲಿತ್ತು. ಆದ್ದರಿಂದ ಅದು ನಿನ್ನದು.

ಏನು ಮಾಡಬೇಕು ಎಂದು ನೀನು ಬರೆ. ಅಲ್ಲಿಯವರೆಗೆ ಅದು ಪಡಸಾಲೆಯ ಬೆಂಚಿನ ಮೇಲೆ ಇರುತ್ತದೆ.

ನಿನ್ನ ಅತ್ತೆ
ಶಕುಂತಲಾಬಾಯಿ

*

ತಾಂಡೂರು
7 ಅಕ್ಟೋಬರ್ 2024

ಅತ್ತೆ,

ಹಾಗೇ ಇರಲಿ, ಯಾರೂ ನೂಲಬೇಡಿ. ನೂಲುವುದನ್ನು ಆಕೆ ನನಗೆ ಕಲಿಸಲಿ. ದಸರಾ ರಜೆಯಲ್ಲಿ ಬರುತ್ತೇನೆ. ಅಪ್ಪ ಬಸ್ಸಿನ ಹೊತ್ತು ಬರೆದುಕೊಟ್ಟಿದ್ದಾರೆ, ಆದರೆ ನಾನು ಗಾಡಿಯಲ್ಲೇ ಬರುತ್ತೇನೆ.

ರಾಜೇಶ್ವರಿ